ನೀರು ಚಿಮುಕಿಸದ ಹೊಸ್ತಿಲು

ಮಧ್ಯಾಹ್ನದ ಹೊತ್ತಿಗೆ ನಮ್ಮ ಧಣಿಗಳ ಹುಬ್ಬು ಬೆಳ್ಳಗಾಗಿಬಿಡುತ್ತಿತ್ತು. ಕಿವಿಯ ಕೂದಲೂ ಅಷ್ಟೇ. ಸಂಜೆ ಮುಖ ತೊಳೆದು ಬಂದರೆ ಹತ್ತು ವರ್ಷ ಚಿಕ್ಕವರು. ಅದೆಲ್ಲ ಬೂದಿಯ ಕರಾಮತ್ತು. ಕಲ್ಲಿದ್ದಲು ಉರಿಸುವ ಕಾರ್ಖಾನೆಗಳು ಹೊರಹಾಕುವ ಬೂದಿಯನ್ನು ತರಿಸಿ, ಕರಗಿದ ಪ್ಲಾಸ್ಟಿಕ್ಕಿಗೆ ಬೆರೆಸಿ, ಕಾಳು ಮಾಡಿ, ಸ್ಟೂಲು ತಯಾರಿಸುವವರಿಗೆ ಮಾರುವ ಪುಟ್ಟ ಘಟಕ ಮುಂಬಯಿಯ ಭಾಂಡುಪಿನಲ್ಲಿ ಅವರದಿತ್ತು. ಬೂದಿ ಸೇರಿದರೆ ಪ್ಲಾಸ್ಟಿಕ್ ಕಡಿಮೆ ಸಾಕು, ಸ್ಟೂಲೂ ಗಟ್ಟಿ.

ಉಡುಪಿ ಕಡೆಯವರು. ಅರ್ಧ ಆಯುಷ್ಯ ಹೋಟೆಲು ನಡೆಸಿ ಈ ಉದ್ಯೋಗಕ್ಕೆ ಇಳಿದಿದ್ದರು. ಹೋಟೆಲಿನ ಚಾಳಿ ಮಾತ್ರ ಬಿಟ್ಟಿರಲಿಲ್ಲ. ಬೂದಿಗೆ ‘ಹಿಟ್ಟು’ ಎನ್ನುತ್ತಿದ್ದರು. ಬೆಳಿಗ್ಗೆ ಶಟರ್ ಎತ್ತಿ, ನೆಲವೆಲ್ಲ ತೊಳೆಸಿ, ತಾವೇ ಹೊಸ್ತಿಲಿಗೆ ನೀರು ಚಿಮುಕಿಸಿ, ಊದುಬತ್ತಿ ಹಚ್ಚಿದ ಮೇಲೆಯೇ ಮೆಷಿನ್ ಶುರು.

ರಸಾಯನಶಾಸ್ತ್ರ ಓದಿದ್ದ ನಾನು ಸಯನ್‌ನಿಂದ ಲೋಕಲ್‌ನಲ್ಲಿ ಹೋಗಿಬರುತ್ತಿದ್ದೆ. ಯಾವುದಕ್ಕೆ ಎಷ್ಟು ಬೂದಿ ಬೆರೆಸಬೇಕೆಂದು ಹೇಳುವುದು ನನ್ನ ಕೆಲಸ. ಮನೆಯಲ್ಲಿ ಅಪ್ಪ ಗಂಡು ನೋಡುತ್ತಿದ್ದರು. ಈ ಕೆಲಸ ಹೋದರೆ ಇನ್ನೊಂದು ಹುಡುಕುವ ಮಾತಿಲ್ಲ ಎಂದು ಖಡಾಖಂಡಿತ ಹೇಳಿದ್ದರು.

ನಮ್ಮ ಮೊದಲ ದೊಡ್ಡ ಗಿರಾಕಿ ಮಲಾಡಿನವನು. ನಮ್ಮ ಕಾಳಿನಿಂದ ಅವನು ಮಾಡಿದ ಸ್ಟೂಲುಗಳ ಮೈಮೇಲೆಲ್ಲ ಗುಳ್ಳೆ. ಎರಡನೆಯ ಸಲವೂ ಗುಳ್ಳೆ. ತೇವದಿಂದ ಹೀಗಾಗುತ್ತದೆ ಎಂದು ನಾನು ಹೇಳುತ್ತಲೇ ಇದ್ದೆ, ತೇವ ಎಲ್ಲಿಂದ ಬರುತ್ತಿದೆ ಎಂಬುದು ತಿಳಿಯಲಿಲ್ಲ. ಅವನು ಒಂದು ಸ್ಟೂಲು ಹಿಡಿದುಕೊಂಡೇ ಬಂದು, ಈ ಹುಡುಗಿಯ ಲೆಕ್ಕವೇ ಸರಿಯಿಲ್ಲ, ಇವಳನ್ನು ಕಳಿಸಿ ಎಂದು ನನ್ನೆದುರೇ ಹಿಂದಿಯಲ್ಲಿ ಹೇಳಿದ. ನಾಳೆ ಬನ್ನಿ ಎಂದರು ಧಣಿಗಳು.

ಮರುದಿನ ಹೋದಾಗ ಅವರು ತೊಳೆದ ನೆಲದ ಮೇಲೆ, ಬಾಯಿ ಬಿಚ್ಚಿದ ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ತಳದ ಬೂದಿಯನ್ನು ಮುಷ್ಟಿಯಲ್ಲಿ ಒತ್ತಿ ಬಿಟ್ಟರು. ಅದು ಉಂಡೆಯಾಗಿಯೇ ಉಳಿಯಿತು. ದಿನಾ ಬೆಳಿಗ್ಗೆ ನೆಲದ ನೀರನ್ನು ಚೀಲಗಳು ಹೀರಿಕೊಳ್ಳುತ್ತಿದ್ದವು.

ಗಿರಾಕಿ ಬಂದಾಗ ಕೆಲಸದವರನ್ನೆಲ್ಲ ಕರೆದು, ತಪ್ಪು ತಮ್ಮದೆಂದು ಅವನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ನಿನ್ನ ಲೆಕ್ಕ ಸರಿ ಉಂಟು ಮಾರಾಯ್ತಿ. ಹಿಟ್ಟು ಹಾಳು ಮಾಡಿದ್ದು ನಾನು, ಹುರಿಯುವುದೂ ನಾನೇ” ಎಂದರು.

ಹಾಗೇ ಮಾಡಿದರು. ಹಳೆಯ ಹೋಟೆಲಿನ ದೊಡ್ಡ ಬಾಣಲೆ ತರಿಸಿ, ಮೂಗಿಗೆ ಟವೆಲು ಕಟ್ಟಿಕೊಂಡು, ಉಪ್ಪಿಟ್ಟಿನ ರವೆ ಹುರಿದಂತೆ ಬೂದಿ ಹುರಿದರು. ಆ ಸಲದ ಸ್ಟೂಲುಗಳು ನುಣ್ಣಗೆ ಬಂದವು. ಅಪ್ಪ ಗಂಡು ನೋಡುವುದನ್ನೇನೂ ಬಿಡಲಿಲ್ಲ, ಬಂದ ಗಂಡುಗಳನ್ನು ನಮ್ಮ ಸ್ಟೂಲಿನ ಮೇಲೆಯೇ ಕೂರಿಸುತ್ತಿದ್ದರು.

ಅಂದು ಧಣಿಗಳು ಸುಮ್ಮನೆ ನನ್ನನ್ನು ಮನೆಗೆ ಕಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ನನ್ನ ಬದುಕು ಅವರು ಉಳಿಸಿಕೊಟ್ಟದ್ದು.

ಹೋದ ವರ್ಷ ಅವರು ತೀರಿಕೊಂಡರು. ಘಟಕ ಈಗ ನನ್ನ ಜವಾಬ್ದಾರಿ. ಆ ಗುಳ್ಳೆಗಳ ನಂತರ ಅವರು ಮಾಡುತ್ತಿದ್ದಂತೆ, ಶಟರ್ ಎತ್ತಿ ಒಂದೇ ಬೆರಳು ಒದ್ದೆ ಮಾಡಿ ಹೊಸ್ತಿಲಿಗೆ ಮುಟ್ಟಿಸುತ್ತೇನೆ. ಆಮೇಲೆ ಕೈ ಚೆನ್ನಾಗಿ ಒರೆಸಿಕೊಂಡು ಹಿಟ್ಟು ಮುಟ್ಟುತ್ತೇನೆ.