ಪಿನ್ನರ್‌ನ ಅಡುಗೆಮನೆಯಲ್ಲಿ ಕೇಳಿದ ಇಟಾಲಿಯನ್ ಮಾತು

ಇದನ್ನು ಓದಿ ನೀವು ನಗಬಹುದು. ನನ್ನ ಗಂಡನೂ ಮೊದಲು ನಕ್ಕಿದ್ದರು. ಆದರೆ ಆ ಸಂಜೆ ಲಂಡನ್ನಿನ ಪಿನ್ನರ್‌ನ ಆ ಮನೆಯಲ್ಲಿ ನನ್ನ ಕಿವಿಗೆ ಬಿದ್ದದ್ದನ್ನು ಬಿಟ್ಟು ಒಂದಕ್ಷರವನ್ನೂ ನಾನಿಲ್ಲಿ ಸೇರಿಸುತ್ತಿಲ್ಲ. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ತೊಂಬತ್ತರ ದಶಕದ ಕೊನೆ. ನಾನಾಗ ಲಂಡನ್ನಿನ ಒಂದು ಸಣ್ಣ ಟೂರ್ ಕಂಪನಿಯಲ್ಲಿ ಗೈಡ್. ಊರು ಉಡುಪಿಯ ಹತ್ತಿರ, ಮನೆಮಾತು ಕೊಂಕಣಿ. ಮದುವೆಗೆ ಮುಂಚೆ ರೋಮ್‌ನ ಒಂದು ಕಾನ್ವೆಂಟಿನಲ್ಲಿ ಕೆಲವು ವರ್ಷ ಇದ್ದೆ. ಹಾಗಾಗಿ ಇಟಾಲಿಯನ್ ಸಲೀಸಾಗಿ ಬರುತ್ತಿತ್ತು. ರೋಮ್, ಫ್ಲಾರೆನ್ಸ್, ಸಿಯೆನಾ, ಬೊಲೊನ್ಯಾ... ಬೆಳಿಗ್ಗೆ ಹಳೆಯ ಚರ್ಚು, ಅರಮನೆ. ಮಧ್ಯಾಹ್ನ ಯಾರದಾದರೂ ಮನೆಯಲ್ಲಿ ಅಡುಗೆ ಕಲಿಯುವುದು, ಅದನ್ನೇ ಕೂತು ಉಣ್ಣುವುದು. ಅದು ನಮ್ಮ ಟೂರ್.

ಆ ಶರತ್ಕಾಲ ಲಂಡನ್ನಿನ ಕನ್ನಡದವರದೇ ಒಂದು ಗುಂಪು ಬಂದಿತ್ತು. ಅದರಲ್ಲಿ ಧಾರವಾಡದ ಶಾರದಕ್ಕ ಮತ್ತು ಅವರ ಗಂಡ, ರಿಟೈರಾದ ಡಾಕ್ಟರು. ಶಾರದಕ್ಕನಿಗೆ ಅರವತ್ತು ದಾಟಿತ್ತು. ಎಲ್ಲಿ ಹೋದರೂ ಅವರ ಮೊದಲ ಪ್ರಶ್ನೆ ಒಂದೇ. "ಲವೀನಾ, ಇದರಾಗ ಮೊಟ್ಟಿ-ಗಿಟ್ಟಿ ಇಲ್ಲಲ್ಲ? ಕೇಳಿ ಹೇಳವಾ." ಇಟಾಲಿಯನ್ ಭಾಷೆಯಲ್ಲಿ 'ಥ್ಯಾಂಕ್ಸ್' ಹೇಳಲೂ ಅವರಿಗೆ ಬರುತ್ತಿರಲಿಲ್ಲ.

ಬೊಲೊನ್ಯಾದಲ್ಲಿ ಒಂದು ಹಳೆಯ ಕಲ್ಲಿನ ಮನೆ. ನಮಗೆ ಪಾಸ್ತಾ ಕಲಿಸಿದವಳು ಮೂವತ್ತರ ಆಸುಪಾಸಿನ ಹುಡುಗಿ. ಶಾರದಕ್ಕನಿಗಾಗಿ ಮೊಟ್ಟೆ ಇಲ್ಲದೆ ಹಿಟ್ಟು ಕಲಸಿಕೊಟ್ಟಳು. ಆ ಹಿಟ್ಟು ಲಟ್ಟಿಸಿದಂತೆಲ್ಲ ಹರಿಯಿತು. ಶಾರದಕ್ಕ ಸಿಟ್ಟು ಮಾಡಿಕೊಂಡು ರೊಟ್ಟಿಯ ಹಾಗೆ ತಟ್ಟಲು ನೋಡಿದರು. ಎಲ್ಲರೂ ನಕ್ಕೆವು.

ಹೊರಡುವಾಗ ಅವರೊಬ್ಬರೇ ಅಡುಗೆಮನೆಯಲ್ಲಿ ಉಳಿದಿದ್ದರು. ಕರೆಯಲು ಹೋದೆ.

"ತಡೀ ಲವೀನಾ. ಅಜ್ಜಿ ಇನ್ನೂ ತೋರಿಸಿ ಮುಗಿಸಿಲ್ಲ."

"ಯಾವ ಅಜ್ಜಿ, ಶಾರದಕ್ಕ?"

ಅವರು ಒಲೆಯ ಕಡೆ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ. ಹೊರಗೆ ಬಂದ ಮೇಲೆ ಆ ಹುಡುಗಿಯನ್ನು ಕೇಳಿದೆ. ಮನೆ ಕೊಂಡು ಬಹಳ ಕಾಲವಾಗಿಲ್ಲ, ಇಲ್ಲಿ ತಾನು ಒಬ್ಬಳೇ ಇರುವುದು ಅಂದಳು. ವಯಸ್ಸಾದವರಿಗೆ ದಣಿವಾಗಿರಬೇಕು ಅಂದುಕೊಂಡು ನಾನು ಬಸ್ ಹತ್ತಿದೆ.

ಲಂಡನ್ನಿಗೆ ಮರಳಿದ ಮೇಲೆ ನವೆಂಬರಿನ ಒಂದು ಶನಿವಾರ ಶಾರದಕ್ಕ ಗುಂಪಿನ ಎಲ್ಲರನ್ನೂ ಊಟಕ್ಕೆ ಕರೆದರು. ಫೋಟೋ ನೋಡುವುದು, ಕಲಿತದ್ದನ್ನು ಮಾಡಿ ತಿನ್ನುವುದು.

ಅವತ್ತು ಬೆಳಿಗ್ಗೆಯೇ ಎಜ್‌ವೇರ್‌ನ ನಮ್ಮ ಫ್ಲ್ಯಾಟಿನ ಬಾತ್‌ರೂಮಿನಲ್ಲಿ ನಾನು ಗರ್ಭಿಣಿ ಎಂದು ನನಗೆ ತಿಳಿದದ್ದು. ಹಿಂದೆ ಎರಡು ಸಲ ಆಸೆ ಹುಟ್ಟಿ ಎರಡು ಸಲವೂ ಕೈತಪ್ಪಿತ್ತು. ಮತ್ತೊಮ್ಮೆ ಗಂಡನ ಮುಖ ಬಾಡುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಯಾರಿಗೂ ಹೇಳಲಿಲ್ಲ... ಗಂಡನಿಗೂ. ಸೋಮವಾರ ಇನ್ನೊಂದು ಗುಂಪಿನ ಜೊತೆ ರೋಮ್‌ಗೆ ಹೊರಡಬೇಕಿತ್ತು.

ಸಹಾಯ ಮಾಡೋಣವೆಂದು ಶಾರದಕ್ಕನ ಮನೆಯಿದ್ದ ಪಿನ್ನರ್‌ಗೆ ಎಲ್ಲರಿಗಿಂತ ಮುಂಚೆ ಹೋದೆ. ಆಗಲೇ ಕತ್ತಲು. ಡಾಕ್ಟರು ಕೋಟು ಹಾಕಿಕೊಳ್ಳುತ್ತಿದ್ದರು. "ಬರ್ರಿ ಬರ್ರಿ. ಆಕಿ ಕಿಚನ್‌ನಾಗ ಇದ್ದಾಳ. ನಾ ಸ್ಟೇಷನ್ನಿಗೆ ಹೋಗಿ ಉಳಿದವರನ್ನ ಕರ್ಕೊಂಡು ಬರ್ತೀನಿ." ಕಾರಿನ ಸದ್ದು ದೂರವಾಯಿತು. ಮನೆಯಲ್ಲಿ ನಾವಿಬ್ಬರೇ.

ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಲಟ್ಟಣಿಗೆಯ ಸದ್ದು. ಧಡ್... ಧಡ್... ನಾನು ಮುಂದಿನ ಕೋಣೆಯಲ್ಲಿ ಫೋಟೋ ಹರಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಏನೋ ಸರಿಯಿಲ್ಲ ಅನ್ನಿಸಿತು. ಸದ್ದು ಒಂದೇ ಲಟ್ಟಣಿಗೆಯದಲ್ಲ. ಒಂದು ನಿಂತಾಗ ಇನ್ನೊಂದು ಶುರುವಾಗುತ್ತಿತ್ತು.

ಆಮೇಲೆ ವಾಸನೆ. ಒದ್ದೆ ಕಲ್ಲು, ಕಟ್ಟಿಗೆ ಹೊಗೆ. ಗ್ಯಾಸಿನ ಒಲೆಯಿರುವ ಮನೆಯಲ್ಲಿ ಕಟ್ಟಿಗೆ ಹೊಗೆ...

"ಶಾರದಕ್ಕ, ನಾನು ಲವೀನಾ. ಒಳಗೆ ಬರ್ಲಾ?"

ಬಾಗಿಲ ಹತ್ತಿರ ಹೋದೆ. ಶಾರದಕ್ಕನ ಧ್ವನಿ ಕೇಳಿತು. ಸಂಶಯವೇ ಇಲ್ಲ, ಅವರದೇ ಧ್ವನಿ. ಆದರೆ ಭಾಷೆ ಇಟಾಲಿಯನ್. ನಾನು ಕಾನ್ವೆಂಟಿನಲ್ಲಿ ಕಲಿತಂಥದ್ದಲ್ಲ, ಹಳ್ಳಿಯ ಮುದುಕಿಯರು ಆಡುವಂಥದ್ದು.

"ಗಂಡನಿಗೂ ಹೇಳಿಲ್ಲ ಆ ಹುಡುಗಿ."

ಯಾರದೋ ಪ್ರಶ್ನೆಗೆ ಕಿವಿಗೊಟ್ಟ ಹಾಗೆ ಧ್ವನಿ ತಡೆಯಿತು.

"ಹೌದು, ಎರಡು ಹೋದವು."

ಬಾಗಿಲ ಹಿಡಿಯ ಮೇಲೆ ಕೈ ಇತ್ತು, ತಿರುಗಿಸಲು ಆಗಲಿಲ್ಲ.

"ಇದು ನಿಲ್ಲುತ್ತದೆ. ಪ್ರಯಾಣ ಬೇಡ ಅವಳಿಗೆ. ಮನೆಯಲ್ಲೇ ಇರಲಿ."

ಧ್ವನಿ ತಗ್ಗಿತು.

"ಬೇಡ... ಈಗ ಆಚೆ ಹೋಗಬೇಡ. ಅವಳು ಬಾಗಿಲ ಹಿಂದೆಯೇ ನಿಂತಿದ್ದಾಳೆ."

ಹೇಗೆ ಬಾಗಿಲು ತೆರೆದೆನೋ ಗೊತ್ತಿಲ್ಲ. ಒಳಗೆ ಶಾರದಕ್ಕ ಒಬ್ಬರೇ, ಮೊಣಕೈವರೆಗೂ ಹಿಟ್ಟು. ತೋಟದ ಕಡೆಯ ಬಾಗಿಲು ಅರ್ಧ ತೆರೆದಿತ್ತು. ತಣ್ಣನೆ ಗಾಳಿ.

"ಯಾವಾಗ ಬಂದಿ ಲವೀನಾ? ಯಾಕವಾ, ಮಾರಿ ಹಿಂಗ ಬಿಳಿಚಿಕೊಂಡದ?"

"ಯಾರ ಹತ್ತಿರ ಮಾತಾಡ್ತಾ ಇದ್ರಿ, ಶಾರದಕ್ಕ?"

"ಯಾರ ಜೋಡಿ ಮಾತಾಡ್ಲಿ? ಇಷ್ಟೊತ್ತನಕ ನಾ ಒಬ್ಬಾಕೀನ ಇದ್ದೆ." ಅವರ ಕಣ್ಣಲ್ಲಿ ಸುಳ್ಳಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಇರಲಿಲ್ಲ. ಟೇಬಲ್ ಮೇಲೆ ಮೊಟ್ಟೆಯಿಲ್ಲದ ಹಿಟ್ಟಿನ ಎರಡು ದೊಡ್ಡ ಹಾಳೆಗಳಿದ್ದವು. ಕೆಳಗಿನ ಮರದ ಗೆರೆ ಕಾಣುವಷ್ಟು ತೆಳು. ಎಲ್ಲೂ ಹರಿದಿರಲಿಲ್ಲ. ಅವರೇ ಅವನ್ನು ನೋಡಿ ಬೆರಗಾದರು. "ಎರಡನೇದು ಯಾವಾಗ ಲಟ್ಟಿಸಿದ್ನೋ ನೋಡವಾ, ನೆನಪ ಇಲ್ಲ."

ಎಲ್ಲರೂ ಬಂದರು, ಉಂಡರು, ಹೊಗಳಿದರು. ಮನೆಗೆ ಹೋದವಳೇ ಗಂಡನಿಗೆ ಎಲ್ಲ ಹೇಳಿದೆ. ಕಾಣದ ಅಜ್ಜಿಯ ಮಾತಿಗೆ ನಕ್ಕರು, ಮಗುವಿನ ಮಾತಿಗೆ ಕಣ್ಣೊರೆಸಿಕೊಂಡರು. ಸೋಮವಾರ ನಾನು ಹೊರಡಲಿಲ್ಲ. ಅದೇ ವಾರ ರಕ್ತ ಕಾಣಿಸಿಕೊಂಡಿತು. ನಮ್ಮ ಜಿಪಿ ಡಾಕ್ಟರು ಹಾಸಿಗೆ ಬಿಟ್ಟೇಳಬೇಡಿ ಅಂದರು. ಬೇಸಿಗೆಯಲ್ಲಿ ಮಗಳು ಹುಟ್ಟಿದಳು.

ಒಳ್ಳೆಯದೇ ಆಯಿತಲ್ಲ, ಭಯವೇಕೆ ಅಂತ ನೀವು ಕೇಳಬಹುದು. ನಾನೂ ಹಾಗೇ ಸಮಾಧಾನ ಹೇಳಿಕೊಂಡಿದ್ದೆ. ಶಾರದಕ್ಕನಿಗೆ ಮಾತ್ರ ಏನೂ ಹೇಳಲಿಲ್ಲ. ನಿಧಾನವಾಗಿ ಅವರ ಮನೆಗೆ ಹೋಗುವುದೂ ನಿಂತಿತು.

ಮಗಳು ಶಾಲೆಗೆ ಸೇರಿದ ವರ್ಷ, ಒಂದು ಸಂಜೆ ಡಾಕ್ಟರ ಫೋನ್ ಬಂತು.

"ಲವೀನಾ, ಈಕಿ ಕುರ್ಚಿ ಮ್ಯಾಲೆ ಮಲಗಿದ್ದಾಳ. ನಿದ್ದಿಯೊಳಗ ಏನೇನೋ ಮಾತಾಡಾಕ ಹತ್ಯಾಳ. ಇಟಾಲಿಯನ್ ಇದ್ದಂಗ ಅದ. ಸ್ವಲ್ಪ ಕೇಳಿ ಹೇಳ್ರಿ."

ಬೇಡ ಅನ್ನುವಷ್ಟರಲ್ಲಿ ಅವರು ಫೋನನ್ನು ಆಕೆಯ ಬಾಯಿಯ ಹತ್ತಿರ ಹಿಡಿದಿದ್ದರು. ಮೊದಲು ಉಸಿರು ಕೇಳಿತು. ಆಮೇಲೆ ಅದೇ ಹಳ್ಳಿಯ ಮಾತು, ತೀರಾ ಹತ್ತಿರದಿಂದ.

"ಮಗು ಎಷ್ಟು ಎತ್ತರ ಆಯಿತು?"

ಆ ಧ್ವನಿ ಉತ್ತರಕ್ಕೆ ಕಾಯುತ್ತಿತ್ತು...

"ಏನಂದ್ಲು?" ಡಾಕ್ಟರು ಕೇಳಿದರು.

"ಅರ್ಥ ಆಗ್ಲಿಲ್ಲ ಡಾಕ್ಟ್ರೇ," ಎಂದು ಇಟ್ಟುಬಿಟ್ಟೆ.

ಫೋನ್ ಮತ್ತೆ ರಿಂಗಾಯಿತು. ಮಗಳು ಓಡಿಹೋಗಿ ಕೈ ಚಾಚಿದಳು. ನಾನು ಗೋಡೆಯಿಂದ ವೈರನ್ನೇ ಕಿತ್ತೆ.

"ಮಮ್, ಇಟ್ಸ್ ಜಸ್ಟ್ ದ ಫೋನ್!" ಎಂದಳು, ಗಾಬರಿಯಿಂದ.

ಹೌದು, ಬರೀ ಫೋನ್. ಡಾಕ್ಟರೇ ಮತ್ತೆ ಮಾಡಿದ್ದಿರಬೇಕು. ಮರುದಿನ ಕೇಳಿದಾಗ ಅವರು, ಇಲ್ಲ, ಎರಡನೇ ಸಲ ನಾನು ಮಾಡಲೇ ಇಲ್ಲ ಅಂದರು.