ಅಕ್ಕನ ಲೆಕ್ಕದಲ್ಲಿ ಸೋರಿದ್ದು

ಎಳನೀರು ಕೆತ್ತುವಾಗ ಏಳುವ ಹಸಿ ಸಿಪ್ಪೆಯ ವಾಸನೆ ನನಗೀಗ ಆಗುವುದಿಲ್ಲ. ಮೊನ್ನೆ ಹುಲಿಯೂರುದುರ್ಗಕ್ಕೆ ಹೋಗಿದ್ದಾಗ ಅಕ್ಕನ ಅಮ್ಮ ಹಿತ್ತಲಲ್ಲಿ ಕುಳಿತು ಒಂದನ್ನು ಕೆತ್ತಿ ನನ್ನ ಕೈಗಿಟ್ಟರು.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ತುಮಕೂರಿನಲ್ಲಿ ಗಣಿತದ ಸಂಶೋಧನೆಗೆ ನನಗಿಂತ ಮುಂಚೆ ಸೇರಿದ್ದವಳು. ಅಲ್ಲೇ ಶೆಟ್ಟಿಹಳ್ಳಿ ಬಡಾವಣೆಯಲ್ಲಿ ಒಂದೇ ರೂಮಿನಲ್ಲಿದ್ದೆವು. ಒಂದು ವಸ್ತುವಿನ ಕಣಗಳು ಪಕ್ಕದ ಇನ್ನೊಂದು ವಸ್ತುವಿಗೆ ಹೇಗೆ ಹರಡುತ್ತವೆ ಎನ್ನುವುದು ಅವಳ ವಿಷಯ. ಎಲ್ಲರೂ ಓದುವ ಸಮೀಕರಣದಲ್ಲಿ ಒಂದು ಬಿಂದುವಿಗೆ ತಾಗಿ ಇರುವುದಷ್ಟೇ ಲೆಕ್ಕಕ್ಕೆ. ಅಕ್ಕನದರಲ್ಲಿ ಹಾಗಲ್ಲ, ದೂರದ ಕಣವೂ ನಡುವಿನದನ್ನೆಲ್ಲ ಬಿಟ್ಟು, ಎರಡು ವಸ್ತುಗಳ ಗಡಿ ಹಾರಿ, ನೇರವಾಗಿ ಇಲ್ಲಿಗೇ ಬರಬಹುದು. ಕುಣಿಗಲ್‌ನಲ್ಲಿ ನಿಲ್ಲಿಸದೆ ಸೀದಾ ನಮ್ಮೂರಿಗೆ ಬರುವ ಬಸ್ಸಿನ ಹಾಗೆ ಎಂದು ನಗುತ್ತಿದ್ದಳು.

ಆ ಗಡಿಯಲ್ಲೇ ಅವಳ ಲೆಕ್ಕ ಕೈಕೊಟ್ಟಿತ್ತು. ಕಂಪ್ಯೂಟರಿನಲ್ಲಿ ಓಡಿಸಿದಾಗಲೆಲ್ಲ ಒಂದಿಷ್ಟು ಕಾಣೆಯಾಗುತ್ತಿತ್ತು. "ಈ ಕಡೆ ಬಿಟ್ಟಿದ್ದು ಆ ಕಡೆ ಪೂರ್ತಿ ಸೇರ್ತಾ ಇಲ್ಲ ಕಣೇ. ಮಧ್ಯದಲ್ಲಿ ಎಲ್ಲಿ ಹೋಗುತ್ತೆ ಹೇಳು," ಎನ್ನುತ್ತಿದ್ದಳು. ಅದೊಂದು ಸಿಕ್ಕಿದ್ದರೆ ಪ್ರಬಂಧ ಮುಗಿಯುತ್ತಿತ್ತು.

ಅಷ್ಟರಲ್ಲಿ ಅವಳ ಕಿಡ್ನಿಗಳು ಕೈಬಿಟ್ಟವು. ಡಯಾಲಿಸಿಸ್ ಶುರುವಾಯಿತು. ತೆಳು ಪೊರೆಯ ಈ ಕಡೆ ಅವಳ ರಕ್ತ, ಆ ಕಡೆ ಔಷಧದ ನೀರು. ನನ್ನ ಲೆಕ್ಕದೊಳಗೆ ನಾನೇ ಮಲಗಿದ್ದೀನಿ ನೋಡು ಎಂದು ಒಮ್ಮೆ ಹೇಳಿ ಗೋಡೆ ಕಡೆ ತಿರುಗಿಕೊಂಡಳು. ಕುಡಿಯುವ ನೀರಿಗೂ ಮಿತಿ. ಎಳನೀರಂತೂ ಮುಟ್ಟಲೇಬಾರದು ಎಂದಿದ್ದರು ಡಾಕ್ಟರು.

ತೆಂಗಿನ ಸೀಮೆಯ ತಾಯಿಗೆ ಇದು ಹೇಗೆ ಅರ್ಥವಾಗಬೇಕು? ಜ್ವರ ಬಂದರೆ ಎಳನೀರು, ಬಿಸಿಲು ಹೊಡೆದರೆ ಎಳನೀರು, ಊಟ ಸೇರದಿದ್ದರೂ ಎಳನೀರೇ. ಯುಗಾದಿಗೆ ಊರಿಗೆ ಹೋದ ಮಗಳ ಒಣಗಿದ ತುಟಿ ನೋಡಲಾರದೆ ಅಮ್ಮ ಕುಡಿಸಿಬಿಟ್ಟರು. ಅವರ ಕಿವಿಗೆ ಬಿದ್ದಿದ್ದು ನೀರಿನ ಮಿತಿಯಷ್ಟೇ; ಬೇಡ ಅಂದಿರುವುದು ನೀರನ್ನು, ಇದು ನೀರಲ್ಲವಲ್ಲ ಎಂದುಕೊಂಡರಂತೆ. ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಕುಡಿದಳೋ... ಬಾಯಾರಿಕೆಯೋ, ಅಮ್ಮನ ಮುಖ ನೋಡಿಯೋ, ಬದುಕೇ ಸಾಕಾಗಿತ್ತೋ.

ತುಮಕೂರಿನ ಆಸ್ಪತ್ರೆಗೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಏನು ಕೊಟ್ಟಿದ್ದರು ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. ಅಮ್ಮ ಅಳುತ್ತಾ ಹೇಳಿದ್ದನ್ನೇ ಹೇಳಿದೆ. ಎಳನೀರಿನ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯ ನಿಂತಿತು ಎಂದರು. ಆ ಮಾತನ್ನು ನಾನು ಅಮ್ಮನಿಗೆ ದಾಟಿಸಲಿಲ್ಲ.

ಅಕ್ಕನ ಲೆಕ್ಕ ನನಗೂ ಬಗೆಹರಿಯಲಿಲ್ಲ. ಇಂದಿಗೂ ಗಡಿಯಲ್ಲಿ ಸೋರುತ್ತಲೇ ಇದೆ. ಬಗೆಹರಿದರೂ ಇನ್ನು ಯಾರಿಗೆ ತೋರಿಸಲಿ...

ಮೊನ್ನೆ ಆ ಹಿತ್ತಲಲ್ಲಿ ಎಳನೀರು ಹಿಡಿದು ಕುಡಿಯದೆ ಕುಳಿತಿದ್ದೆ.

"ಕುಡಿ ಕಣವ್ವ," ಎಂದರು ಅಮ್ಮ. "ಅವ್ಳಿಗೂ ಕೊನೇಲಿ ನನ್ ಕೈಯಾರೆ ಕುಡ್ಸಿದ್ನಲ್ಲ. ಬಾಯಾರ್ಕೊಂಡು ಹೋಗ್ಲಿಲ್ಲ ನನ್ ಮಗ್ಳು. ಅದೊಂದೇ ನಂಗೆ ಸಮಾಧಾನ."

ಹೌದಮ್ಮ ಎಂದೆ. ಒಂದು ತೊಟ್ಟೂ ಬಿಡದೆ ಕುಡಿದೆ.