ಹದಿನೇಳಲ್ಲ, ಆರು ಎಂದ ಮುನಿವೆಂಕಟಮ್ಮ

ಬೆಳಿಗ್ಗೆ ಆರಕ್ಕೆ ಇನ್ನೂ ಐದು ನಿಮಿಷವಿದೆ. ಜಯನಗರದ ಆ ನಾಲ್ಕು ಮಹಡಿಯ ಕಟ್ಟಡದಲ್ಲಿ ಲಿಫ್ಟ್ ಶುರುವಾಗುವುದು ಎಂಟಕ್ಕೆ. ಎಂಬತ್ತನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಾನು ತಾರಸಿ ಮುಟ್ಟುವಷ್ಟರಲ್ಲಿ, ಐವತ್ತಾರು ವರ್ಷದ ಮುನಿವೆಂಕಟಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೈಗವಸು ಹಾಕಿಕೊಳ್ಳುತ್ತಿದ್ದಾರೆ. ಎದುರಿಗೆ ಅವರ ಎದೆಯೆತ್ತರದ ತಗಡಿನ ಪೆಟ್ಟಿಗೆ, ಅದರ ತಲೆಗೊಂದು ಟೋಪಿ. ಸುತ್ತಲಿನ ಗಾಳಿಯನ್ನು ಒಳಗೆಳೆದು ಅದರ ಧೂಳನ್ನು ಕಾಗದದ ಮೇಲೆ ಹಿಡಿದಿಡುವ ಯಂತ್ರ ಅದು.

"ಹತ್ರ ಬರ್ಬೇಡಿ ಮೇಡಂ, ಮುಖಕ್ಕೆ ಪೌಡರ್ ಹಾಕಿದೀರ," ಎನ್ನುತ್ತಾರೆ. ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

ನಿನ್ನೆ ಬೆಳಿಗ್ಗೆ ಹಾಕಿದ ಕಾಗದವನ್ನು ಚಿಮಟದಲ್ಲಿ ಎತ್ತುತ್ತಾರೆ. ನಿನ್ನೆ ಹಾಲಿನಷ್ಟು ಬೆಳ್ಳಗಿದ್ದದ್ದು ಇವತ್ತು ಒಲೆಯ ಹಿಂದಿನ ಗೋಡೆಯ ಬಣ್ಣಕ್ಕೆ ತಿರುಗಿದೆ. ಅದನ್ನು ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ತಾರೀಖು ಬರೆಯುತ್ತಾರೆ. ಪ್ರಯೋಗಾಲಯದಲ್ಲಿ ಇದನ್ನು ತೂಗುತ್ತಾರೆ. ಹೊಸದಾಗಿದ್ದಾಗಿನ ತೂಕ ಕಳೆದರೆ ಉಳಿಯುವುದೇ ನಾವೆಲ್ಲ ಉಸಿರಾಡಿದ ಧೂಳು. ಬರುವಾಗ ನನ್ನ ಸ್ಕೂಟರ್ ಉಗುಳಿದ್ದೂ ಅದರಲ್ಲಿ ಒಂದಿಷ್ಟು ಇರಬೇಕು.

ಇಂಥ ಐದು ತಾರಸಿಗಳು ಇವರ ಪಾಲಿಗಿವೆ. ಒಂದೊಂದಕ್ಕೂ ವಾರಕ್ಕೆ ಎರಡು ಕಾಗದ. ಹಾಕಲು ಒಮ್ಮೆ, ತೆಗೆಯಲು ಒಮ್ಮೆ ಎಂದರೆ ವಾರಕ್ಕೆ ಇಪ್ಪತ್ತು ಸಲ ಹತ್ತಿಳಿಯಬೇಕು. ಜಯನಗರದಿಂದ ಕುಮಾರಸ್ವಾಮಿ ಲೇಔಟ್, ವಸಂತಪುರದವರೆಗೆ ಬಸ್ಸಿನಲ್ಲಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಓಡಾಟ. ಮಂಡಿನೋವಿನ ಬಗ್ಗೆ ಕೇಳಿದರೆ, "ಇರತ್ತೆ, ಅದಕ್ಕೇನು" ಎಂದು ಮಾತು ಮುಗಿಸುತ್ತಾರೆ.

ಹುಟ್ಟಿದ್ದು ಚಿಕ್ಕಲಸಂದ್ರದಲ್ಲಿ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಣ್ಣಂದಿರ ಬಾಡಿಗೆ ಮನೆಗಳು ನಿಂತಿವೆ. ಇವರು ಓದಿದ್ದು ಏಳನೇ ಕ್ಲಾಸು. ಗಂಡ ಬೈರಣ್ಣ ಮೂವತ್ತು ವರ್ಷ ಬನಶಂಕರಿ, ಬಿಟಿಎಂ ಲೇಔಟ್ ನಡುವೆ ಆಟೋ ಓಡಿಸಿದವರು. ಮೂರು ವರ್ಷದಿಂದ ಉಸಿರಾಟದ ತೊಂದರೆಯಾಗಿ ಮನೆಯಲ್ಲಿದ್ದಾರೆ, ದಿನಕ್ಕೆ ಎರಡು ಬಾರಿ ಔಷಧಿಯ ಪಂಪ್ ಬಾಯಿಗಿಟ್ಟು ಎಳೆದುಕೊಳ್ಳಬೇಕು. ಖಾಸಗಿ ಪ್ರಯೋಗಾಲಯವೊಂದರಲ್ಲಿ ನೆಲ ಒರೆಸುತ್ತಿದ್ದ ಮುನಿವೆಂಕಟಮ್ಮ ಈ ಕೆಲಸವನ್ನು ತಾವೇ ಕೇಳಿ ಪಡೆದರು. "ಇವ್ರ ಎದೆ ಒಳಗೆ ಹೋಗಿರೋದು ಏನು ಅಂತ ನೋಡೋಣ ಅನ್ನಿಸ್ತು," ಎನ್ನುತ್ತಾರೆ.

ಕಳೆದ ವರ್ಷ ಈ ಕಟ್ಟಡದ ಕೆಳಗಿನ ರಸ್ತೆಯಲ್ಲಿ ಒಂದು ಪ್ರಯೋಗ ನಡೆಯಿತು. ಬೆಳಿಗ್ಗೆ, ಸಂಜೆಯ ದಟ್ಟಣೆಯ ಹೊತ್ತಿನಲ್ಲಿ ಒಳಬರುವ ಕಾರುಗಳಿಗೆ ಶುಲ್ಕ. ಶುಲ್ಕಕ್ಕೆ ಮುಂಚಿನ ಮೂರು ತಿಂಗಳ ಗಾಳಿಯನ್ನೂ ಆಮೇಲಿನ ಮೂರು ತಿಂಗಳ ಗಾಳಿಯನ್ನೂ ಅಳೆದು ಹೋಲಿಸುವ ಕೆಲಸ ಇವರ ಪ್ರಯೋಗಾಲಯಕ್ಕೆ ಬಂತು. ಮುಂಚಿನ ಮೂರು ತಿಂಗಳಲ್ಲಿ ಈ ತಾರಸಿಯಿಂದ ಇವರು ತೆಗೆದ ಕಾಗದಗಳು ಇಪ್ಪತ್ತಾರು. ಅದರಲ್ಲೊಂದು ದಿನ ಆಯುಧಪೂಜೆ.

ಆವತ್ತು ಬೆಳಿಗ್ಗೆ ಊರಿಗೆ ಊರೇ ತನ್ನ ಬಸ್ಸು, ಲೇತು, ಕಂಪ್ಯೂಟರುಗಳಿಗೆ ಕುಂಕುಮ ಇಡುತ್ತಿರುವಾಗ ಇವರು ತಮ್ಮ ಯಂತ್ರವನ್ನು ಹೇಗೆ ಬಿಟ್ಟಾರು? ಕಾಗದ ಹಾಕಿ, ಯಂತ್ರ ಚಾಲೂ ಮಾಡಿ, ಸೇವಂತಿಗೆ ಹಾರ ಹಾಕಿ, ಕೆಂಡದ ಮೇಲೆ ಸಾಂಬ್ರಾಣಿ ಸುರಿದು ಧೂಪವನ್ನು ಅದರ ಬುಡದಲ್ಲೇ ಬಿಟ್ಟು ಬಂದರು. ಗಾಳಿ ಎಳೆದುಕೊಳ್ಳುವುದೇ ಕೆಲಸವಾಗಿರುವ ಯಂತ್ರ ಭಕ್ತಿಯಿಂದ ಅಷ್ಟನ್ನೂ ಎಳೆದುಕೊಂಡಿತು. ಅವರು ಇದನ್ನು ಹೇಳುವಾಗ ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ಆದರೆ ಬೇಗ ನಿಲ್ಲಿಸಿದರು.

"ಮಾರನೇ ದಿನ ತೆಗೆದ್ರೆ ಪೇಪರು ಕರ್ರಗಿತ್ತು, ಸಾಂಬ್ರಾಣಿ ವಾಸ್ನೆ ಹೊಡೀತಿತ್ತು. ಹೇಳಿದ್ರೆ ಕೆಲಸದಿಂದ ತೆಗೀತಾರೆ ಅಂತ ಬಾಯಿ ಮುಚ್ಕೊಂಡೆ."

ಪ್ರಯೋಗಾಲಯದಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಹಬ್ಬದ ದಿನ ಹೊಗೆ ಹೆಚ್ಚಿರುವುದು ಸಹಜ ಎಂದುಕೊಂಡರು. ಮಿಕ್ಕ ದಿನಗಳಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸರಾಸರಿ ನೂರಹತ್ತು ಮೈಕ್ರೋಗ್ರಾಂ ಇದ್ದ ಧೂಳು, ಆ ಒಂದು ದಿನ ಮುನ್ನೂರ ತೊಂಬತ್ತು. ಅದೂ ಸೇರಿ ಒಟ್ಟು ಸರಾಸರಿ ನೂರಿಪ್ಪತ್ತೊಂದಾಯಿತು. ಶುಲ್ಕ ಬಂದ ಮೇಲೆ ನೂರನಾಲ್ಕು. ಹದಿನೇಳು ಇಳಿಯಿತು ಎಂದು ಸಭೆ ಸೇರಿ ಮೈಸೂರುಪಾಕ್ ಹಂಚಿದರು. ಶುಲ್ಕವನ್ನು ಕಾಯಂ ಮಾಡುವ ತೀರ್ಮಾನಕ್ಕೆ ಒಂದೇ ತಿಂಗಳು ಬಾಕಿಯಿತ್ತು.

ಮುನಿವೆಂಕಟಮ್ಮ ಮನೆಗೆ ಹೋಗಿ ಗಂಡನಿಗೆ ಹದಿನೇಳು ಎಂದು ಹೇಳಿದರು. ಬೈರಣ್ಣ ಆವತ್ತು ಬಹಳ ದಿನಗಳ ನಂತರ ಬೀದಿ ಕೊನೆಯವರೆಗೆ ನಡೆದು ಬಂದರಂತೆ. ಅದನ್ನು ನೋಡಿ ಇವರಿಗೆ ಮೂರು ದಿನ ಊಟ ಸೇರಲಿಲ್ಲ. ನಾಲ್ಕನೇ ದಿನ ಮೇಲ್ವಿಚಾರಕ ನಂದಕುಮಾರ್ ಎದುರು ನಿಂತರು.

"ನಾನೇ ಹೇಳ್ದೆ, ಬಿಡಿ ಅಮ್ಮ, ಯಾರಿಗೂ ಗೊತ್ತಾಗಲ್ಲ ಅಂತ," ನಂದಕುಮಾರ್ ಈಗ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. "ಅವರು ಆವತ್ತಿನ ಲೆಕ್ಕ ಬರೆದಿದ್ದ ಹಳೇ ಶೀಟ್ ತೆಗೆಸಿ, ಷರಾ ಜಾಗದಲ್ಲಿ ಧೂಪ ನಾನೇ ಹಾಕಿದ್ದು ಅಂತ ಬರೆದು ಸಹಿ ಹಾಕಿದ್ರು. ಇನ್ನೇನು ಮಾಡೋದು, ಆ ದಿನಾನ ಲೆಕ್ಕದಿಂದ ತೆಗೆದ್ವಿ."

ಆ ದಿನ ಹೋಯಿತು, ಮುಂಚಿನ ಸರಾಸರಿ ನೂರಹತ್ತಕ್ಕೆ ಬಂತು, ಹದಿನೇಳು ಹೋಗಿ ಆರು ಉಳಿಯಿತು. ಮುನಿವೆಂಕಟಮ್ಮನನ್ನು ಒಂದು ತಿಂಗಳು ಕೆಲಸದಿಂದ ನಿಲ್ಲಿಸಿದರು. ಆಮೇಲೆ ವಾಪಸು ಕರೆದದ್ದು ಔದಾರ್ಯದಿಂದಲ್ಲ, ಅಷ್ಟು ಮೆಟ್ಟಿಲು ಹತ್ತಲು ಬೇರೆ ಯಾರೂ ಒಪ್ಪಲಿಲ್ಲ. ಶುಲ್ಕದ ತೀರ್ಮಾನ ಮುಂದಕ್ಕೆ ಹೋಯಿತು, ಇನ್ನೊಂದು ವರ್ಷ ಅಳೆದು ನೋಡೋಣ ಎಂದರು.

ಕೆಳಗಿನ ಬಟ್ಟೆ ಅಂಗಡಿಯ ಜಯದೇವಪ್ಪ ಶುಲ್ಕಕ್ಕಾಗಿ ಮೊದಲಿನಿಂದ ಓಡಾಡಿದವರು. ಬಾಗಿಲಲ್ಲಿ ತೂಗುಹಾಕಿದ ಬಿಳಿ ಪಂಚೆ ಸಂಜೆಯೊಳಗೆ ಮಾಸುವುದನ್ನು ದಿನಾ ನೋಡುವವರು. ಅವರಿಗಿನ್ನೂ ಸಿಟ್ಟು ಆರಿಲ್ಲ. "ಒಂದು ತಿಂಗಳು ತಡ್ಕೊಂಡು ಹೇಳಿದ್ರೆ ಆ ಅಮ್ಮನ ಗಂಟೇನು ಹೋಗ್ತಿತ್ತು?" ಎನ್ನುತ್ತಾರೆ. ಆ ಪಂಚೆ ನೋಡಿದರೆ ಅವರ ಸಿಟ್ಟನ್ನೂ ತಪ್ಪೆನ್ನಲು ನನಗೆ ಮನಸ್ಸಾಗುವುದಿಲ್ಲ.

ಹಾಗಾದರೆ ಆರು ದೊಡ್ಡದೋ ಚಿಕ್ಕದೋ? ಚಳಿಗಾಲದಲ್ಲಿ ಧೂಳು ಸಾಮಾನ್ಯವಾಗಿ ಏರುತ್ತದೆ, ಅಂಥ ಹೊತ್ತಿನಲ್ಲಿ ಆರಾದರೂ ಇಳಿದದ್ದು ವಿಶೇಷವೇ ಎಂದು ನಂದಕುಮಾರ್ ಹೇಳುತ್ತಾರೆ. ಸಾಲದು ಎನ್ನುವವರೂ ಇದ್ದಾರೆ. ಹೊಸ ಕಾಗದ ಹಾಕಿ, ಟೋಪಿ ಮುಚ್ಚಿ, ಕೈಗವಸು ಕಳಚುತ್ತಿರುವ ಮುನಿವೆಂಕಟಮ್ಮನನ್ನೂ ಅದನ್ನೇ ಕೇಳುತ್ತೇನೆ.

"ನಂಗೆ ಅದೆಲ್ಲ ಗೊತ್ತಾಗಲ್ಲ ಮೇಡಂ. ಮನೇಗೆ ಹೋಗಿ ಇವ್ರಿಗೆ, ಹದಿನೇಳಲ್ಲ, ಆರೇ ಅಂತೆ ಅಂದೆ. ಆಮೇಲೆ, ಆ ಆರು ಗಟ್ಟಿ ತಾನೆ ಅಂತ ಕೇಳಿದ್ರು. ಗಟ್ಟಿ, ನಾನೇ ತಂದಿರೋದು ಅಂದೆ."